ಸರ್ ಥಾಮಸ್ ಮನ್ರೋ: ಖಡ್ಗದಿಂದ ಶಾಲೆಯವರೆಗೆ

ಬದಾಮಿ, ಬಾಗಲಕೋಟೆ, ಬೆಳಗಾವಿಗಳ ಇತಿಹಾಸ ಓದುವವರಿಗೆ ಸರ್ ಥಾಮಸ್ ಮನ್ರೋ ಅವರ ಹೆಸರು ಹೊಸದಲ್ಲ. ನಮ್ಮ ಭಾಗವನ್ನು ಪೇಶ್ವೆಯವರ ಕೈಯಿಂದ ಗೆದ್ದುಕೊಂಡ ಬ್ರಿಟಿಷ್ ಸೇನಾಧಿಕಾರಿ ಎಂದೇ ಅವರು ಪ್ರಸಿದ್ಧರು. ಆದರೆ ಶಿಕ್ಷಣದ ಬಗ್ಗೆ ಅವರು ಮಾಡಿದ ಕೆಲಸ ಅಷ್ಟಾಗಿ ಯಾರಿಗೂ ತಿಳಿದಿಲ್ಲ.

ಮನ್ರೋ 1761ರ ಮೇ 27ರಂದು ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದಲ್ಲಿ ಹುಟ್ಟಿದರು. ತಂದೆ ವ್ಯಾಪಾರಿ. ಅಮೆರಿಕದ ಸ್ವಾತಂತ್ರ್ಯ ಯುದ್ಧದಿಂದಾಗಿ ಮನೆತನದ ವ್ಯಾಪಾರ ಮುಳುಗಿತು. ಹೊಟ್ಟೆಪಾಡಿಗಾಗಿ ತರುಣ ಮನ್ರೋ ಈಸ್ಟ್ ಇಂಡಿಯಾ ಕಂಪನಿಯ ಸೈನ್ಯ ಸೇರಿ 1780ರಲ್ಲಿ ಮದ್ರಾಸಿಗೆ ಬಂದಿಳಿದರು. ಪೊಳ್ಳಿಲೂರಿನಲ್ಲಿ ಹೈದರ್ ಅಲಿಯ ಸೈನ್ಯದೆದುರು ಇಂಗ್ಲಿಷರು ಭಾರಿ ಸೋಲುಂಡ ವರ್ಷವದು. ಮೈಸೂರಿನ ವಿರುದ್ಧ ಕಾದಾಡಿದರೂ, ಹುಟ್ಟಿನ ಹಿರಿಮೆಗೆ ಬೆಲೆ ಕೊಡದ ಅಲ್ಲಿನ ಶಿಸ್ತಿನ ಆಡಳಿತವನ್ನು ತಮ್ಮ ಪತ್ರಗಳಲ್ಲಿ ಮೆಚ್ಚಿಕೊಂಡರು.

ಬಿಡುವಿನ ವೇಳೆಯಲ್ಲಿ ಅವರು ಪಾರಸಿ ಹಾಗೂ ಹಿಂದೂಸ್ತಾನಿ ಭಾಷೆಗಳನ್ನು ಕಲಿತರು. ಶೇಕ್ಸ್‌ಪಿಯರ್‌ನ ವೆನಿಸಿನ ವ್ಯಾಪಾರಿಯ ಕಥೆಯನ್ನು ಹೋಲುವ, ಖಾಜಿಯೊಬ್ಬರು ನ್ಯಾಯ ತೀರಿಸುವ ಕಥೆಯೊಂದನ್ನು ಪಾರಸಿ ಹಸ್ತಪ್ರತಿಯಿಂದ ಇಂಗ್ಲಿಷಿಗೆ ಅನುವಾದಿಸಿದರು. ಈ ಭಾಷಾಜ್ಞಾನವೇ ಅವರಿಗೆ ಆಡಳಿತದ ಬಾಗಿಲು ತೆರೆಯಿತು. 1792ರಿಂದ ಬಾರಾಮಹಲ್‌ನಲ್ಲಿ, 1799ರಲ್ಲಿ ಕೆನರಾದಲ್ಲಿ, 1800ರಿಂದ 1807ರವರೆಗೆ ಬಳ್ಳಾರಿ, ಕಡಪ ಮುಂತಾದ ಸೀಮೆಗಳಲ್ಲಿ ದುಡಿದು, ಜಮೀನ್ದಾರರ ನಡುಗೈ ಇಲ್ಲದೆ ರೈತನಿಂದಲೇ ಕಂದಾಯ ಪಡೆಯುವ ರೈತವಾರಿ ಪದ್ಧತಿಯನ್ನು ಬೆಳೆಸಿದರು. ಕಂದಾಯದ ಭಾರ ಹೆಚ್ಚೆಂದು ಕಂಡಾಗ ಕಾಲುಭಾಗ ಇಳಿಸಬೇಕೆಂದು ಸರಕಾರಕ್ಕೆ ಬರೆದವರೂ ಅವರೇ.

1817ರಲ್ಲಿ ಮರಾಠಾ ಯುದ್ಧ ಆರಂಭವಾದಾಗ ಮನ್ರೋ ಧಾರವಾಡದಲ್ಲಿದ್ದರು. ಕೈಯಲ್ಲಿದ್ದ ಸೈನ್ಯ ಚಿಕ್ಕದು. ಸ್ಥಳೀಯ ಜನರಿಂದಲೇ ದಂಡು ಕಟ್ಟಿಕೊಂಡು ಗದಗ, ಹುಬ್ಬಳ್ಳಿಗಳನ್ನು ವಶಪಡಿಸಿಕೊಂಡರು. 1818ರ ಫೆಬ್ರವರಿಯಲ್ಲಿ ಬದಾಮಿ ಕೋಟೆ ಬಿತ್ತು, ಅದೇ ತಿಂಗಳು ಬಾಗಲಕೋಟೆ ಕೈಸೇರಿತು. ಏಪ್ರಿಲ್‌ನಲ್ಲಿ ಬೆಳಗಾವಿ, ಮೇ ತಿಂಗಳಲ್ಲಿ ಸೊಲ್ಲಾಪುರ ಶರಣಾದವು. ನಮ್ಮ ಜಮಖಂಡಿ, ಮುಧೋಳ ಸಂಸ್ಥಾನಗಳು ಬ್ರಿಟಿಷರ ಆಶ್ರಯಕ್ಕೆ ಬಂದು ಸ್ವಾತಂತ್ರ್ಯದವರೆಗೂ ಉಳಿದುಕೊಂಡವು.

ಮೇಜರ್ ಜನರಲ್ ಪದವಿಗೇರಿದ ಮನ್ರೋ 1820ರಲ್ಲಿ ಮದ್ರಾಸ್ ಗವರ್ನರ್ ಆದರು. 1822ರಲ್ಲಿ ಪ್ರಾಂತದ ಎಲ್ಲ ಕಲೆಕ್ಟರುಗಳಿಂದ ಶಾಲೆಗಳ ಲೆಕ್ಕ ಕೇಳಿದರು. ಸುಮಾರು 1 ಕೋಟಿ 28 ಲಕ್ಷ ಜನಸಂಖ್ಯೆಗೆ 12,498 ಶಾಲೆಗಳು, 1,88,650 ವಿದ್ಯಾರ್ಥಿಗಳು. ಅವರಲ್ಲಿ ಹೆಣ್ಣುಮಕ್ಕಳು ಕೇವಲ 4,540! ಗುರುಗಳಿಗೆ ತಿಂಗಳಿಗೆ ಆರೇಳು ರೂಪಾಯಿ ಸಿಗುವುದೂ ಕಷ್ಟವಾಗಿತ್ತು. ಬಡತನವೇ ವಿದ್ಯೆಗೆ ಅಡ್ಡಿ ಎಂದು ಮನ್ರೋ ಕಂಡುಕೊಂಡರು.

1826ರಲ್ಲಿ ಅವರು ಯೋಜನೆಯೊಂದನ್ನು ಮುಂದಿಟ್ಟರು. ಪ್ರತಿ ಕಲೆಕ್ಟರ್ ಸೀಮೆಯಲ್ಲಿ ಹಿಂದೂಗಳಿಗೊಂದು, ಮುಸ್ಲಿಮರಿಗೊಂದು ದೊಡ್ಡ ಶಾಲೆ, ಪ್ರತಿ ತಹಸೀಲಿಗೊಂದು ಶಾಲೆ. ದೊಡ್ಡ ಶಾಲೆಯ ಗುರುಗಳಿಗೆ ತಿಂಗಳಿಗೆ 15 ರೂಪಾಯಿ, ತಹಸೀಲು ಶಾಲೆಯ ಗುರುಗಳಿಗೆ 9 ರೂಪಾಯಿ ಸಂಬಳ. ದೇಶೀಯರು ಕಲಿತು ಉನ್ನತ ಹುದ್ದೆ ಪಡೆಯಬೇಕು, ಮುಂದೊಂದು ದಿನ ತಮ್ಮನ್ನು ತಾವೇ ಆಳಿಕೊಳ್ಳಬೇಕು ಎಂಬುದು ಅವರ ನಿಲುವಾಗಿತ್ತು.

ಆದರೆ 1827ರ ಜುಲೈ 6ರಂದು ಪತ್ತಿಕೊಂಡದಲ್ಲಿ ಕಾಲರಾ ರೋಗಕ್ಕೆ ತುತ್ತಾಗಿ ಅವರು ತೀರಿಕೊಂಡರು. ಆರಂಭವಾದ ಕೆಲವೇ ಶಾಲೆಗಳನ್ನು ನೋಡಿಕೊಳ್ಳುವವರಿರಲಿಲ್ಲ. ಸರಕಾರದ ಧೋರಣೆ ಇಂಗ್ಲಿಷ್ ಶಿಕ್ಷಣದತ್ತ ಹೊರಳಿದ ಮೇಲೆ, 1836ರ ಹೊತ್ತಿಗೆ ಅವೂ ಮುಚ್ಚಿದವು.

ಮನ್ರೋ ನಮ್ಮ ನಾಡನ್ನು ಗೆಲ್ಲಲು ಬಂದವರು; ಅದನ್ನು ಮರೆಯುವಂತಿಲ್ಲ. ಆದರೂ ಅವರ ಬದುಕಿನಲ್ಲಿ ಎರಡು ಪಾಠಗಳಿವೆ. ನಾಲ್ಕು ಭಾಷೆ ಕಲಿತವನಿಗೆ ನಾಲ್ಕು ಬಾಗಿಲು ತೆರೆಯುತ್ತವೆ ಎಂಬುದು ವಿದ್ಯಾರ್ಥಿಗಳಿಗೆ. ಒಬ್ಬ ದೊಡ್ಡವರನ್ನೇ ನೆಚ್ಚಿದ ಶಾಲೆ ಅವರೊಂದಿಗೇ ಮುಗಿಯುತ್ತದೆ, ಸಮಾಜವೇ ಕೈಜೋಡಿಸಿ ನಡೆಸಿದ ಶಾಲೆ ಉಳಿಯುತ್ತದೆ ಎಂಬುದು ನಮ್ಮೆಲ್ಲರಿಗೆ.