ಬೆಂಕಿಮಲೆಯ ನಾಡಿ ಹಿಡಿದ ಪಾಲ್ಮಿಯೇರಿ

ಉಡುಪಿಯ ಮಲ್ಪೆಯಿಂದ ದೋಣಿಯೇರಿ ಸೇಂಟ್ ಮೇರಿ ದ್ವೀಪಕ್ಕೆ ಹೋದವರು ಅಲ್ಲಿಯ ಕಂಬಗಲ್ಲುಗಳನ್ನು ಕಂಡು ಬೆರಗಾಗದಿರರು. ಸುಮಾರು 8.8 ಕೋಟಿ ವರ್ಷಗಳ ಹಿಂದೆ ಉಕ್ಕಿದ ಲಾವಾರಸವು ತಣಿದು ಬಿರಿದು ಮೂಡಿದ ಕಲ್ಲುಗಳವು. ಅಂದು ಆ ನೆಲದ ನಡುಕವನ್ನು ಬಲ್ಲ ಮನುಷ್ಯನಿರಲಿಲ್ಲ. ಜೀವಂತ ಜ್ವಾಲಾಮುಖಿಯೊಂದರ ಬಳಿ ಯಂತ್ರವನ್ನಿರಿಸಿ ಅಂತಹ ನಡುಕವನ್ನು ಅಳೆಯಲು ಹೊರಟವರಲ್ಲಿ ಇಟಲಿಯ ಲುಯಿಜಿ ಪಾಲ್ಮಿಯೇರಿ ಮೊದಲಿಗನು.

ಆತನು ಜನಿಸಿದ್ದು 1807ರಲ್ಲಿ, ಫೈಕ್ಕಿಯೊ ಎಂಬ ಊರಿನಲ್ಲಿ. ಕೆಲಕಾಲ ಶಾಲೆಗಳಲ್ಲಿ ಪಾಠ ಹೇಳಿ, 1847ರಲ್ಲಿ ನೇಪಲ್ಸ್ ವಿಶ್ವವಿದ್ಯಾಲಯದಲ್ಲಿ ಭೌತವಿಜ್ಞಾನದ ಪ್ರಾಧ್ಯಾಪಕನಾದನು. ಕೆಲವು ವರ್ಷಗಳಲ್ಲಿ ವೆಸೂವಿಯಸ್ ಪರ್ವತದ ಮಗ್ಗುಲ ವೀಕ್ಷಣಾಲಯದ ಹೊಣೆಯೂ ಅವನ ಪಾಲಿಗೆ ಬಂದಿತು.

1856ರಲ್ಲಿ ಆತನು ನಿರ್ಮಿಸಿದ ವಿದ್ಯುತ್ಕಾಂತ ಭೂಕಂಪಮಾಪಕದ ಉಪಾಯ ಸರಳವಾದುದು. ಬಾಗಿದ ಗಾಜಿನ ನಳಿಗೆಗಳಲ್ಲಿ ಪಾದರಸ. ಸುರುಳಿತಂತಿಯ ತುದಿಯಲ್ಲಿ ತೂಗುವ ಲೋಹದ ಮೊನೆ. ನೆಲ ಅಲುಗಿದೊಡನೆ ಪಾದರಸವೂ ಲೋಹವೂ ತಾಗಿ ವಿದ್ಯುತ್ತು ಹರಿಯುವುದು. ಒಂದು ಗಡಿಯಾರ ನಿಂತು ಕಂಪನದ ಗಳಿಗೆಯನ್ನು ತೋರುವುದು. ಇನ್ನೊಂದು ಚಲಿಸತೊಡಗಿ ಕಾಗದದ ಪಟ್ಟಿಯನ್ನು ಬಿಚ್ಚುವುದು. ಸೀಸದಕಡ್ಡಿ ಅದರ ಮೇಲೆ ಗುರುತಿಡುವುದು. ಪರ್ವತ ಕೆರಳುವ ಮುನ್ನ ಯಂತ್ರ ಚಂಚಲವಾಗುತ್ತದೆಂಬುದು ಆತನ ನಂಬುಗೆ. ಮುಂದೆ ಜಪಾನಿನವರೂ ಈ ಯಂತ್ರವನ್ನು ತರಿಸಿಕೊಂಡರು.

ನಂಬುಗೆಗೆ ಕಠಿಣ ಪರೀಕ್ಷೆ ಬಂದುದು 1872ರ ಏಪ್ರಿಲ್ 26ರಂದು. ಬೆಟ್ಟದ ಒಡಲು ಸೀಳಿತು. ಲಾವಾ ನೋಡಲೆಂದು ಇರುಳಿನಲ್ಲಿ ಏರಿದ್ದವರಲ್ಲಿ ಹಲವರು, ವಿದ್ಯಾರ್ಥಿಗಳೂ ಸೇರಿ, ಬೆಂದು ಸತ್ತರು. ವೀಕ್ಷಣಾಲಯವಿದ್ದ ದಿಣ್ಣೆಯ ಎರಡು ಕಡೆಗೂ ಲಾವಾ ಹರಿಯಿತು. ಅರುವತ್ತೈದರ ಹರೆಯದ ಪಾಲ್ಮಿಯೇರಿ ಮಾತ್ರ ಯಂತ್ರಗಳನ್ನು ಬಿಟ್ಟು ಇಳಿಯಲಿಲ್ಲ. ಇದನ್ನು ಸಾಹಸವೆನ್ನಬೇಕೋ ಹಟವೆನ್ನಬೇಕೋ! ಅಂತೂ ಆ ದಿನಗಳ ವೃತ್ತಾಂತ ನಮಗೆ ದಕ್ಕಿದ್ದು ಅದರಿಂದಲೇ.

ಬೆಟ್ಟ ಬಿಡುವ ಅನಿಲಗಳ ಮೇಲೂ ಆತನ ಕಣ್ಣಿತ್ತು. 1868ರ ಸೂರ್ಯಗ್ರಹಣದಲ್ಲಿ ನಮ್ಮ ಜಮಖಂಡಿಯಿಂದ ಜಾನ್ ಹರ್ಷೆಲ್ ಎಂಬ ಸೇನಾಧಿಕಾರಿ ವರ್ಣಪಟಲದಲ್ಲಿ ಕಂಡ ಮೂರು ಗೆರೆಗಳಲ್ಲಿ ಕಿತ್ತಳೆ ಬಣ್ಣದ್ದೊಂದಿತ್ತು. ಅದು ಹೀಲಿಯಂನದೆಂದು ಆಮೇಲೆ ತಿಳಿಯಿತು. ಅದೇ ಗೆರೆಯನ್ನು ವೆಸೂವಿಯಸ್ಸಿನ ಪದಾರ್ಥದಲ್ಲಿ ಕಂಡೆನೆಂದು ಪಾಲ್ಮಿಯೇರಿ 1881ರಲ್ಲಿ ಸಾರಿದನು. ಆತನ ವಿಧಾನದಿಂದ ಅದು ಕಾಣಲಾರದೆಂದು ಮುಂದಿನ ವಿಜ್ಞಾನಿಗಳು ಶಂಕಿಸಿದರು. ಶಂಕೆ ಸಕಾರಣವೆಂದೇ ತೋರುತ್ತದೆ. 1895ರಲ್ಲಿ ರ‍್ಯಾಮ್ಸೆ ಭೂಮಿಯ ಖನಿಜವೊಂದರಿಂದ ಹೀಲಿಯಮ್ಮನ್ನು ನಿಸ್ಸಂಶಯವಾಗಿ ಬೇರ್ಪಡಿಸಿದನು. ಮರುವರ್ಷ ಪಾಲ್ಮಿಯೇರಿ ನೇಪಲ್ಸಿನಲ್ಲಿ ತೀರಿಕೊಂಡನು.

ನಡುಕವನ್ನೂ ಅನಿಲವನ್ನೂ ಆತನು ಬೇರೆಬೇರೆಯಾಗಿ ಅರಸಿದನು. ಕರಗಿದ ಶಿಲೆಯೊಳಗಿಂದ ಅನಿಲದ ಗುಳ್ಳೆಗಳು ಮೇಲೇರಿ ಒಡೆಯುವಾಗ ನೆಲ ಸಣ್ಣಗೆ ಅದುರುವುದೆಂದು ಇಂದು ಬಲ್ಲೆವು. ಕೆಲವು ಜ್ವಾಲಾಮುಖಿಗಳಲ್ಲಿ ಆ ಅದುರಿನ ಬಲವನ್ನು ಹೊರಬರುವ ಗಂಧಕಾನಿಲದೊಡನೆ ತೂಗಿನೋಡಿ, ಮಂಜು ಮುಸುಕಿದ ದಿನವೂ ಬೆಟ್ಟದ ಉಸಿರನ್ನು ಅಂದಾಜು ಮಾಡುತ್ತಾರೆ.