ಟಿಪ್ಪು ಸುಲ್ತಾನ್: ಮುಗಿಯದ ಲೆಕ್ಕ

ಹೊರನಾಡಿನಲ್ಲಿ ಒಂದೇ ಸೂರಿನಡಿ ಸೇರುವ ಕನ್ನಡಿಗರಾದ ನಮ್ಮಲ್ಲಿ ಹಳೆಯ ಮೈಸೂರಿನವರಿದ್ದಾರೆ, ಕರಾವಳಿಯವರಿದ್ದಾರೆ, ಕೊಡಗಿನವರೂ ಇದ್ದಾರೆ. ಟಿಪ್ಪುವಿನ ಹೆಸರು ಬಂದೊಡನೆ ಮಾತ್ರ ಒಬ್ಬೊಬ್ಬರ ನೆನಪೂ ಬೇರೆಯಾಗುತ್ತದೆ. ಇದೇಕೆಂದು ನಾವು ಸಮಚಿತ್ತದಿಂದ ಯೋಚಿಸಬೇಕಾಗಿದೆ.

ದೇವನಹಳ್ಳಿಯಲ್ಲಿ 1750ರಲ್ಲಿ ಜನಿಸಿದ ಟಿಪ್ಪು, ತಂದೆ ಹೈದರಾಲಿಯು 1782ರಲ್ಲಿ ಯುದ್ಧದ ನಡುವೆಯೇ ನಿಧನನಾದಾಗ ಅಧಿಕಾರಕ್ಕೆ ಬಂದನು. 1784ರ ಮಂಗಳೂರು ಒಪ್ಪಂದದಲ್ಲಿ ಆಂಗ್ಲರನ್ನು ಸರಿಸಮನಾಗಿ ಎದುರಿಸಿದ ಆತನು 1792ರಲ್ಲಿ ಆಂಗ್ಲರು, ಮರಾಠರು ಮತ್ತು ನಿಜಾಮನ ಕೂಟಕ್ಕೆ ಸೋತು ಅರ್ಧ ರಾಜ್ಯವನ್ನು ಬಿಟ್ಟುಕೊಟ್ಟನು. 3 ಕೋಟಿ 30 ಲಕ್ಷ ರೂಪಾಯಿಗಳ ದಂಡಕ್ಕೆ ಒಪ್ಪಿ, ಇಬ್ಬರು ಪುತ್ರರನ್ನು ಒತ್ತೆಯಿಟ್ಟನು. 1799ರ ಮೇ 4ರಂದು ಶ್ರೀರಂಗಪಟ್ಟಣದ ಕೋಟೆಯಲ್ಲಿ ಹೋರಾಡುತ್ತಲೇ ಮಡಿದನು.

ಆತನ ದೂರದೃಷ್ಟಿ ನಿರ್ವಿವಾದ. ಮೈಸೂರು ಸೀಮೆಯಲ್ಲಿ ರೇಷ್ಮೆ ಕೃಷಿಗೆ ನೆಲೆ ಕಲ್ಪಿಸಿದನು; ಮಸ್ಕತ್‌ನಲ್ಲಿ ವ್ಯಾಪಾರದ ಕೋಠಿಯನ್ನು ನಡೆಸಿದನು. ಮೈಸೂರಿನ ಕಬ್ಬಿಣದ ಕೊಳವೆಯ ರಾಕೆಟ್‌ಗಳನ್ನು ನೋಡಿಯೇ ಆಂಗ್ಲರು ತಮ್ಮ ರಾಕೆಟ್‌ಗಳನ್ನು ರೂಪಿಸಿಕೊಂಡರು.

ಆದರೆ 1784ರಲ್ಲಿ ಕೆನರಾದ ಕ್ರೈಸ್ತರು ಸಾವಿರಾರು ಸಂಖ್ಯೆಯಲ್ಲಿ ಸೆರೆಯಾಗಿ ಶ್ರೀರಂಗಪಟ್ಟಣಕ್ಕೆ ನಡೆದು ಹೋಗಬೇಕಾಯಿತು, ಇಗರ್ಜಿಗಳು ನೆಲಸಮವಾದವು. ದಾರಿಯಲ್ಲಿ, ಸೆರೆಯಲ್ಲಿ ಅನೇಕರು ಅಸುನೀಗಿದರು. ಕೊಡಗು, ಮಲಬಾರುಗಳಲ್ಲಿಯೂ ಸೆರೆ ಹಾಗೂ ಬಲವಂತದ ಮತಾಂತರಗಳು ನಡೆದವು. ಈ ನೋವು ಮನೆಮನೆಯ ನೆನಪಾಗಿ ಉಳಿದಿದೆ; ಮುಂಬಯಿಯಲ್ಲಿ ನೆಲೆಸಿರುವ ಮಂಗಳೂರಿನ ಕ್ರೈಸ್ತ ಬಂಧುಗಳಿಗೂ ಅದು ಪರಕೀಯವಲ್ಲ.

ಇದೇ ಟಿಪ್ಪುವಿನ ಇನ್ನೊಂದು ಮುಖವನ್ನು ಶೃಂಗೇರಿ ತೋರಿಸುತ್ತದೆ. 1791ರಲ್ಲಿ ಮರಾಠಾ ಸೈನ್ಯದವರು ಮಠವನ್ನು ಸೂರೆಗೊಂಡಾಗ, ಶಾರದೆಯ ಪುನಃಪ್ರತಿಷ್ಠೆಗೆ ನೆರವು ನೀಡಿದವನು ಆತನೇ. ಆತನ ಕನ್ನಡ ಪತ್ರಗಳು 1916ರಲ್ಲಿ ಮಠದಲ್ಲಿ ಬೆಳಕಿಗೆ ಬಂದವು. ಇದು ಯುದ್ಧಕಾಲದ ರಾಜನೀತಿಯೆಂದು ಕೆಲವರು, ಸ್ವಭಾವಸಹಜ ಗೌರವವೆಂದು ಮತ್ತೆ ಕೆಲವರು ಹೇಳುತ್ತಾರೆ. ಆಡಳಿತದಲ್ಲಿ ಪಾರಸಿಗೆ ಮನ್ನಣೆಯಿತ್ತವನೂ ಅವನೇ ಎಂಬುದನ್ನು ಕನ್ನಡಿಗರು ಮರೆಯಲಾಗದು.

ರಾಜ್ಯ ಸರ್ಕಾರವು 2015ರಲ್ಲಿ ಜಯಂತಿಯನ್ನು ಆರಂಭಿಸಿತು. 2019ರಲ್ಲಿ ಮತ್ತೊಂದು ಸರ್ಕಾರ ಅದನ್ನು ನಿಲ್ಲಿಸಿತು. ಎರಡೂ ತೀರ್ಮಾನಗಳಿಂದ ಇತಿಹಾಸದ ಒಂದಕ್ಷರವೂ ಬದಲಾಗಲಿಲ್ಲ.

ಬ್ಯಾಂಕಿನ ಲೆಕ್ಕದಲ್ಲಿ ಜಮೆಯಿಂದ ಖರ್ಚನ್ನು ಕಳೆದರೆ ಬಾಕಿ ದೊರೆಯುತ್ತದೆ. ಮನುಷ್ಯನ ಬಾಳಿಗೆ ಈ ಗಣಿತ ಸಲ್ಲದು. ರಾಕೆಟ್ಟಿನ ಕೀರ್ತಿಯು ಸೆರೆಯಾಳಿನ ಕಣ್ಣೀರನ್ನು ಒರೆಸದು. ಆ ಕಣ್ಣೀರು ಕೋಟೆಯಲ್ಲಿ ಮಡಿದವನ ಶೌರ್ಯವನ್ನು ಸುಳ್ಳಾಗಿಸದು. ಎರಡೂ ಪುಟಗಳನ್ನು ಹರಿಯದೆ ಓದುವುದೇ ನಮ್ಮೆಲ್ಲರ ಪೂರ್ವಿಕರಿಗೆ ನಾವು ಸಲ್ಲಿಸಬಹುದಾದ ನ್ಯಾಯ.