ಸೋಪಾರಾ ಸ್ತೂಪ ತೆರೆದ ಭಗವಾನ್‌ಲಾಲ್ ಇಂದ್ರಜಿ: ಇಂಗ್ಲಿಷ್ ಶಾಲೆಯಲ್ಲಿ ಓದದ ಪುರಾತತ್ವ ಪಂಡಿತ

ಮುಂಬ್ರಾ ಪಕ್ಕದ ದಿವಾದಿಂದ ರೈಲು ಹತ್ತಿದರೆ ವಸಯಿ ರೋಡ್ ಸಿಗುತ್ತದೆ. ಅಲ್ಲಿ ಗಾಡಿ ಬದಲಿಸಿದರೆ ಮುಂದಿನ ನಿಲ್ದಾಣವೇ ನಾಲಾಸೋಪಾರಾ. ಪ್ರಾಚೀನ ಕಾಲದಲ್ಲಿ ಶೂರ್ಪಾರಕವೆಂಬ ಬಂದರಾಗಿದ್ದ ಊರಿದು. ಇಲ್ಲಿನ ಮಣ್ಣಿನ ದಿಬ್ಬವನ್ನು ಜನ ಬುರುಡ ರಾಜನ ಕೋಟೆ, ಅಂದರೆ ಬುಟ್ಟಿ ಹೆಣೆಯುವ ಮೇದಾರ ರಾಜನ ಕೋಟೆ ಎಂದು ಕರೆಯುತ್ತಿದ್ದರು. ಅದು ಬೌದ್ಧ ಸ್ತೂಪವೆಂದು ತೋರಿಸಿಕೊಟ್ಟವರು ಭಗವಾನ್‌ಲಾಲ್ ಇಂದ್ರಜಿ.

1839ರಲ್ಲಿ ಜುನಾಗಢದಲ್ಲಿ ಹುಟ್ಟಿದ ಇವರು ಇಂಗ್ಲಿಷ್ ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಊರ ಪಕ್ಕದ ಗಿರ್ನಾರ್ ಬಂಡೆಯ ಶಾಸನಗಳೇ ಅವರ ಪಾಠಶಾಲೆ. ಹಳೆಯ ಲಿಪಿ ಓದುವುದನ್ನು ಹುಡುಗನಾಗಿದ್ದಾಗಲೇ ಕಲಿತರು. ಈ ಸುದ್ದಿ ಮುಂಬೈನ ವೈದ್ಯ, ವಿದ್ವಾಂಸ ಭಾವು ದಾಜಿ ಅವರಿಗೆ ಮುಟ್ಟಿತು. ಮುಂದೆ ಭಾವು ದಾಜಿಗಾಗಿ ಭಗವಾನ್‌ಲಾಲ್ ದೇಶ ಸುತ್ತಿ ಶಾಸನಗಳ ನಕಲು ತಂದರು. ಭಾವು ದಾಜಿ ಹೆಸರಿನಲ್ಲಿ ಬಂದ ಹಲವು ಲೇಖನಗಳ ಹಿಂದೆ ಈ ದುಡಿಮೆ ಇದೆ. 1869ರಲ್ಲಿ ಮಥುರಾದ ಶೀತಲಾದೇವಿ ಗುಡಿಯ ಮೆಟ್ಟಿಲಲ್ಲಿ ಹುದುಗಿದ್ದ ಸಿಂಹ ಶಿಲೆಯನ್ನು ಗುರುತಿಸಿದ್ದೂ ಇವರೇ.

1874ರಲ್ಲಿ ಭಾವು ದಾಜಿ ತೀರಿಕೊಂಡ ಮೇಲೆ ಸ್ವತಂತ್ರವಾಗಿ ದುಡಿದರು. ಬರೆಯುತ್ತಿದ್ದದ್ದು ಗುಜರಾತಿಯಲ್ಲಿ. ನೇಪಾಳದ ಶಾಸನಗಳ ಕುರಿತ ಬರಹವನ್ನು ಇಂಗ್ಲಿಷಿಗೆ ತಂದವರು ಜರ್ಮನ್ ವಿದ್ವಾಂಸ ಬ್ಯೂಲರ್.

ಸೋಪಾರಾದ ದಿಬ್ಬ ಅಗೆದದ್ದು 1882ರಲ್ಲಿ. ಆಗ ಅದು ಠಾಣಾ ಜಿಲ್ಲೆ. ಇಟ್ಟಿಗೆಯ ನಡುವೆ ದೊಡ್ಡ ಕಲ್ಲಿನ ಪೆಟ್ಟಿಗೆ ಸಿಕ್ಕಿತು. ಮುಚ್ಚಳ ತೆಗೆದರೆ ಸುತ್ತ ಎಂಟು ಕಂಚಿನ ಬುದ್ಧ ವಿಗ್ರಹಗಳು, ನಡುವೆ ತಾಮ್ರದ ಕರಂಡಕ. ಅದರೊಳಗೆ ಬೆಳ್ಳಿ, ಕಲ್ಲು, ಸ್ಫಟಿಕ, ಕೊನೆಗೆ ಚಿನ್ನದ ಕರಂಡಕ. ಚಿನ್ನದೊಳಗೆ ಇದ್ದದ್ದು ಮಾತ್ರ ಮಣ್ಣಿನ ಪಾತ್ರೆಯ 13 ಚೂರುಗಳು! ಅವು ಬುದ್ಧನ ಭಿಕ್ಷಾಪಾತ್ರೆಯ ತುಣುಕುಗಳೆಂದು ಭಗವಾನ್‌ಲಾಲ್ ಭಾವಿಸಿದರು. ಅದನ್ನು ಸಾಬೀತುಪಡಿಸುವುದು ಅಸಾಧ್ಯ. ಆದರೆ ಇಷ್ಟು ಜೋಪಾನ ಮಾಡಿದವರ ನಂಬಿಕೆ ಅದೇ ಇದ್ದಿರಬಹುದು. ಜೊತೆಗಿದ್ದ ಶಾತವಾಹನ ದೊರೆ ಯಜ್ಞಶ್ರೀ ಶಾತಕರ್ಣಿಯ ಬೆಳ್ಳಿ ನಾಣ್ಯ ಕಾಲನಿರ್ಣಯಕ್ಕೆ ನೆರವಾಯಿತು.

ಅದೇ ವರ್ಷ ಊರಲ್ಲಿ ಅಶೋಕನ ಎಂಟನೇ ಶಾಸನದ ತುಂಡೂ ಅವರಿಗೆ ದೊರೆಯಿತು. ನಮ್ಮ ಬ್ರಹ್ಮಗಿರಿಯ ಅಶೋಕ ಶಾಸನವನ್ನು ಬಿ.ಎಲ್. ರೈಸ್ ಪತ್ತೆಹಚ್ಚಿದ್ದು ಇದಾಗಿ ಹತ್ತು ವರ್ಷಕ್ಕೆ.

ಲೈಡನ್ ವಿಶ್ವವಿದ್ಯಾಲಯ ಅವರಿಗೆ ಗೌರವ ಡಾಕ್ಟರೇಟ್ ನೀಡಿತು. 1888ರ ಮಾರ್ಚ್ 16ರಂದು, 48ನೇ ವಯಸ್ಸಿನಲ್ಲಿ ನಿಧನರಾದರು. ಮಥುರಾದ ಸಿಂಹ ಶಿಲೆ ಮತ್ತು ತಾವು ಕೂಡಿಟ್ಟ ನಾಣ್ಯಗಳನ್ನು ಬ್ರಿಟಿಷ್ ಮ್ಯೂಸಿಯಂಗೆ ಬರೆದಿಟ್ಟಿದ್ದರು. ಸೋಪಾರಾದ ಕರಂಡಕಗಳು ಮುಂಬೈನ ಏಷ್ಯಾಟಿಕ್ ಸೊಸೈಟಿಯಲ್ಲಿವೆ. ಇಟ್ಟಿಗೆಯ ಸ್ತೂಪ ಮಾತ್ರ ಸೋಪಾರಾದಲ್ಲೇ ಉಳಿದಿದೆ.